ವೈಬ್ರೇಶನ್ ಪ್ಲೇಟಿನಲ್ಲಿ ಬಲದ ತರಬೇತಿ: ಅಳತೆ, ಭಂಗಿ ಮತ್ತು ಹನ್ನೆರಡು ವಾರದ ಕ್ರಮ

ಮೋಟಾರಿನಿಂದ ಸೆಕೆಂಡಿಗೆ ಹಲವು ಸಲ ಅದುರುವ ಹಲಗೆಯಾದ ವೈಬ್ರೇಶನ್ ಪ್ಲೇಟಿನ ಮೇಲೆ ಮಂಡಿ ನೆಟ್ಟಗಿಟ್ಟು ಸುಮ್ಮನೆ ನಿಂತರೆ ಕಂಪನ ಕಾಲಿನ ಮೂಳೆ, ಸೊಂಟ, ಬೆನ್ನುಮೂಳೆ ಹಾದು ತಲೆಗೆ ಏರುತ್ತದೆ. ಅದೇ ಪ್ಲೇಟಿನ ಮೇಲೆ ಮಂಡಿ ಬಗ್ಗಿಸಿ, ತೊಡೆ ಬಿಗಿದು ಅರೆ ಬಸ್ಕಿಯಲ್ಲಿ ನಿಂತರೆ ಆ ಕಂಪನವನ್ನು ಮೀನಖಂಡ, ತೊಡೆ, ಪಿರ್ರೆಯ ಸ್ನಾಯುಗಳು ನಡುವೆಯೇ ಹೀರಿಕೊಳ್ಳುತ್ತವೆ. ಹಾಗೆ ಹೀರಿಕೊಳ್ಳುವ ಕೆಲಸವೇ ಇಲ್ಲಿನ ತರಬೇತಿ. ಕಂಪನ ವ್ಯಾಯಾಮಕ್ಕೆ ಬದಲಿಯಲ್ಲ. ವ್ಯಾಯಾಮದ ಮೇಲೆ ಹೇರುವ ಇನ್ನೊಂದು ಹೊರೆ. ಡಂಬೆಲ್ಲಿನ ಭಾರವನ್ನು ಕಿಲೋದಲ್ಲಿ ನೋಡಿಕೊಂಡು ಎತ್ತುವ ನಾವು, ಈ ಹೊರೆಯನ್ನು ಮಾತ್ರ ಅಳೆಯದೆ ಮೈಮೇಲೆ ಹಾಕಿಕೊಳ್ಳುತ್ತೇವೆ. ಪ್ಲೇಟಿನಿಂದ ಏನೂ ಆಗಲಿಲ್ಲ ಎನ್ನುವವರದೂ ಬೆನ್ನುನೋವು ಬಂತು ಎನ್ನುವವರದೂ ಸಾಮಾನ್ಯವಾಗಿ ಇದೇ ತೊಂದರೆ.

ಸ್ನಾಯುವಿನೊಳಗೆ ನಡೆಯುವುದು

ಪ್ರತಿ ಸ್ನಾಯುವಿನಲ್ಲೂ ಅದರ ಉದ್ದ ಎಷ್ಟು ಬೇಗ, ಎಷ್ಟು ಹೆಚ್ಚಿತು ಎಂದು ಗಮನಿಸುವ ಸ್ಪಿಂಡಲ್ ಎಂಬ ಸೂಕ್ಷ್ಮ ಅಂಗಗಳಿವೆ. ಸ್ನಾಯು ತುಸು ಎಳೆದರೂ ಅವು ಬೆನ್ನುಹುರಿಗೆ ಸುದ್ದಿ ಕಳಿಸುತ್ತವೆ, ಅಲ್ಲಿಂದ ಬಿಗಿಯುವ ಆಜ್ಞೆ ತಿರುಗಿ ಬರುತ್ತದೆ. ವೈದ್ಯರು ಮಂಡಿಯ ಕೆಳಗೆ ಸುತ್ತಿಗೆ ತಟ್ಟಿದಾಗ ಕಾಲು ಚಿಮ್ಮುವುದು ಈ ದಾರಿಯಿಂದಲೇ. 1966ರಲ್ಲಿ ಸ್ವೀಡನ್ನಿನ ಹ್ಯಾಗ್‌ಬಾರ್ಟ್ ಮತ್ತು ಎಕ್‌ಲುಂಡ್, ಸ್ನಾಯುವಿಗೆ ಅಥವಾ ಅದರ ರಜ್ಜುವಿಗೆ ಎಡೆಬಿಡದೆ ಕಂಪನ ಕೊಟ್ಟರೆ ಅದು ತಾನಾಗಿಯೇ ಬಿಗಿಯುತ್ತ ಹೋಗುವುದನ್ನು ವಿವರಿಸಿದರು. ಪ್ಲೇಟು ಸೆಕೆಂಡಿಗೆ 30 ಸಲ ಏರಿಳಿದರೆ ಮೀನಖಂಡವೂ ಅಷ್ಟೇ ಸಲ ಎಳೆಸಿಕೊಳ್ಳುತ್ತದೆ, ಅಷ್ಟೇ ಸಲ ಬಿಗಿಯುವ ಕರೆ ಬರುತ್ತದೆ. ಸ್ನಾಯು ಮೊದಲೇ ಸ್ವಲ್ಪ ಬಿಗಿದಿದ್ದರೆ ಈ ಪ್ರತಿಕ್ರಿಯೆ ಜೋರಾಗಿರುತ್ತದೆ, ಸಡಿಲವಾಗಿದ್ದರೆ ಮಂದ. ಪ್ಲೇಟಿನ ಮೇಲೆ ಕೆಲಸ ಮಾಡುತ್ತ ನಿಲ್ಲಬೇಕು ಎನ್ನುವುದಕ್ಕೆ ಇದೇ ಕಾರಣ.

ಕ್ರೀಡೆಗೆ ಇದನ್ನು ತಂದವರಲ್ಲಿ ಮೊದಲಿಗರು ಸೋವಿಯತ್ ಒಕ್ಕೂಟದ ವ್ಲಾದಿಮೀರ್ ನಜಾರೊವ್. 1994ರಲ್ಲಿ ಇಸ್ರೇಲಿನಲ್ಲಿ ವ್ಲಾದಿಮೀರ್ ಇಸ್ಸೂರಿನ್ ಮತ್ತು ಸಂಗಡಿಗರು 44 ಹರ್ಟ್ಸ್ (ಅಂದರೆ ಸೆಕೆಂಡಿಗೆ 44 ಸಲದ) ಕಂಪನವನ್ನು ಕೇಬಲಿನ ಮೂಲಕ ಕೊಟ್ಟು ಭಾರ ಎಳೆಸಿ ನೋಡಿದರು. 1990ರ ದಶಕದ ಕೊನೆಗೆ ಇಟಲಿಯ ಕಾರ್ಮೆಲೊ ಬೋಸ್ಕೊ ಅವರ ಕೆಲಸದಿಂದ ನಿಂತು ಬಳಸುವ ಪ್ಲೇಟು ಹೆಸರಾಯಿತು. ತರಬೇತಿಗೆ ತೊಡಗುವವರು ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಎರಡು ಅಧ್ಯಯನಗಳನ್ನು ಜೊತೆಯಾಗಿ ನೋಡಬೇಕು. 2003ರದ್ದರಲ್ಲಿ, ಅದುವರೆಗೆ ತರಬೇತಿ ಪಡೆಯದ ಯುವತಿಯರು 12 ವಾರ, ವಾರಕ್ಕೆ 3 ಸಲ, 35ರಿಂದ 40 ಹರ್ಟ್ಸ್‌ನಲ್ಲಿ ಬಸ್ಕಿ ಮತ್ತು ಲಂಜ್ (ಒಂದು ಕಾಲು ಮುಂದಿಟ್ಟು ಬಗ್ಗುವುದು) ಮಾಡಿದರು. ಮಂಡಿಯನ್ನು ನೆಟ್ಟಗಾಗಿಸುವ ಸ್ನಾಯುಗಳ ಸ್ಥಿರ ಬಲ (ಕೀಲು ಅಲುಗದಂತೆ ತಳ್ಳುವ ಬಲ) ಸರಾಸರಿ ಶೇ. 16.6ರಷ್ಟು ಏರಿತು. ಜಿಮ್ ಯಂತ್ರಗಳಲ್ಲಿ ಭಾರ ತಳ್ಳಿದ ಗುಂಪಿನಲ್ಲಿ ಏರಿಕೆ ಶೇ. 14.4. ಅದೇ ವ್ಯಾಯಾಮವನ್ನು ಕಂಪನವೇ ಇಲ್ಲವೆನ್ನುವಷ್ಟು ಮಂದವಾದ ಪ್ಲೇಟಿನ ಮೇಲೆ ಮಾಡಿದವರಿಗೆ ಬಲ ಏರಲಿಲ್ಲ. 2005ರ ಅಧ್ಯಯನದಲ್ಲಿ ಪಳಗಿದ ಓಟಗಾರರು ತಮ್ಮ ಮಾಮೂಲಿ ತರಬೇತಿಯ ಜೊತೆಗೆ 5 ವಾರ ಪ್ಲೇಟು ಬಳಸಿದರು. ಅವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ.

ಹಾಗಾಗಿ ನಮ್ಮ ಅಭಿಪ್ರಾಯ ಇದು. ಬಾರ್‌ಬೆಲ್ ಹೊತ್ತು ಬಸ್ಕಿ ಹೊಡೆಯುವವರಿಗೆ ಪ್ಲೇಟಿನಿಂದ ಸಿಗುವುದು ಅಲ್ಪ. ಭಾರ ಎತ್ತಲಾಗದವರು, ಬಹುಕಾಲ ಕೂತೇ ಇದ್ದವರು, ವಯಸ್ಸಾದವರು, ಕಾಯಿಲೆಯಿಂದ ಕಾಲು ಸೋತವರು ಇದರಿಂದ ನಿಜವಾಗಿ ಏನಾದರೂ ಪಡೆಯುತ್ತಾರೆ.

ಯಂತ್ರಗಳು ಎರಡು ಬಗೆ

ಮೊದಲನೆಯದರಲ್ಲಿ ಇಡೀ ಪ್ಲೇಟು ಒಟ್ಟಿಗೆ ಮೇಲೆ ಕೆಳಗೆ ಹೋಗುತ್ತದೆ. ಎರಡೂ ಪಾದಕ್ಕೆ ಒಂದೇ ಹೊತ್ತಿಗೆ ಏಟು. ಇಂಥವು ಸಾಮಾನ್ಯವಾಗಿ 25ರಿಂದ 50 ಹರ್ಟ್ಸ್‌ವರೆಗೆ ಓಡುತ್ತವೆ, ಏರಿಳಿತ 2ರಿಂದ 4 ಮಿಮೀ. ಪವರ್ ಪ್ಲೇಟ್ ಎಂಬ ಹೆಸರಿನ ಯಂತ್ರಗಳು ಮುಖ್ಯವಾಗಿ ಈ ಜಾತಿ. ಎರಡನೆಯದು ಏತದ ಹಾಗೆ ನಡುವಿನ ಅಚ್ಚಿನ ಮೇಲೆ ತೂಗುತ್ತದೆ: ಬಲಗಾಲು ಏರಿದಾಗ ಎಡಗಾಲು ಇಳಿಯುತ್ತದೆ. ಜರ್ಮನಿಯ ಗೆಲಿಲಿಯೊ ಯಂತ್ರ ಈ ಜಾತಿಯದು. ಇದರ ಆವೃತ್ತಿ ಹೆಚ್ಚಾಗಿ 5ರಿಂದ 30 ಹರ್ಟ್ಸ್. ಸೊಂಟ ನಡಿಗೆಯಲ್ಲಿ ಓಲಾಡುವಂತೆ ಇಲ್ಲೂ ಓಲಾಡಿ ಕಂಪನದ ಒಂದು ಪಾಲನ್ನು ತಿನ್ನುವುದರಿಂದ ತಲೆಗೆ ಏರುವುದು ಕಡಿಮೆ. ಮನೆಗೆ, ಅದರಲ್ಲೂ ಐವತ್ತು ದಾಟಿದವರಿಗೆ, ಎರಡನೆಯದನ್ನೇ ಆರಿಸಿ.

ತೂಗುವ ಪ್ಲೇಟಿನಲ್ಲಿ ಪಾದ ಅಚ್ಚಿನಿಂದ ಎಷ್ಟು ದೂರವೋ ಏರಿಳಿತ ಅಷ್ಟು ಹೆಚ್ಚು. 10 ಸೆಂಮೀ ದೂರದಲ್ಲಿ 4 ಮಿಮೀ ಇದ್ದರೆ 20 ಸೆಂಮೀನಲ್ಲಿ 8 ಮಿಮೀ. ಬಲಪಾದ 10ರಲ್ಲೂ ಎಡಪಾದ 14ರಲ್ಲೂ ಇಟ್ಟು ನಿಂತರೆ ಎಡಗಾಲಿಗೆ ಬಲಗಾಲಿನ 1.4 ಪಟ್ಟು ಹೊರೆ ಬೀಳುತ್ತದೆ, ಸೊಂಟದ ಒಂದು ಬದಿ ನೋಯತೊಡಗಬಹುದು. ಅಚ್ಚಿನಿಂದ ಎರಡೂ ಕಡೆ ಸಮನಾಗಿ ಅಳೆದು ಪಾದದ ನಡುಬೆರಳಿಗೆ ಸರಿಯಾಗಿ ಬಣ್ಣದ ಟೇಪು ಅಂಟಿಸಿಬಿಡಿ.

ಕೈಯಲ್ಲಿ ಹಿಡಿದು ಸ್ನಾಯುವಿಗೆ ಕಂಪನ ಕೊಡುವ ಮಸಾಜ್ ಗನ್ ಬಲದ ಸಾಧನವಲ್ಲ. ಬಿಗಿದ ಮೀನಖಂಡ ಸಡಿಲಾಗುತ್ತದೆ, ಕೀಲು ಮಡಚುವ ಅಳತೆ ಸ್ವಲ್ಪ ಹೊತ್ತು ಹೆಚ್ಚುತ್ತದೆ, ಅಷ್ಟೆ.

ನಿಮ್ಮ ಪ್ಲೇಟು ನಿಜಕ್ಕೂ ಎಷ್ಟು ಕಂಪಿಸುತ್ತದೆ

ಪೆಟ್ಟಿಗೆಯ ಮೇಲೆ 1ರಿಂದ 99ರವರೆಗೆ ವೇಗ ಎಂದು ಬರೆದಿದ್ದರೆ ಅದು ಹರ್ಟ್ಸ್ ಅಲ್ಲ, ಬರೀ ಗುಂಡಿಯ ಅಂಕಿ. ಆನ್‌ಲೈನ್‌ನಲ್ಲಿ ಸಿಗುವ ತೆಳು ಪ್ಲೇಟುಗಳಲ್ಲಿ ಪೂರ್ತಿ ವೇಗಕ್ಕೆ ಏರಿಸಿದರೂ 20 ಹರ್ಟ್ಸ್ ತಲುಪದವು ಬೇಕಾದಷ್ಟಿವೆ. ಇನ್ನೊಂದು ಗೊಂದಲ ಏರಿಳಿತದ್ದು. ಕೆಲವರು ಕೆಳತುದಿಯಿಂದ ಮೇಲ್ತುದಿಯವರೆಗಿನ ಪೂರ್ತಿ ದೂರ ಬರೆಯುತ್ತಾರೆ, ಕೆಲವರು ಅದರ ಅರ್ಧವನ್ನು, ಅಂದರೆ ನಡುವಿನಿಂದ ಒಂದು ತುದಿಯವರೆಗಿನ ದೂರವನ್ನು, ಬರೆಯುತ್ತಾರೆ. ಒಂದೇ ಯಂತ್ರ ಒಂದು ಕಡೆ 4 ಮಿಮೀ, ಇನ್ನೊಂದು ಕಡೆ 2 ಮಿಮೀ. ಇಲ್ಲಿ ಏರಿಳಿತ ಎಂದಲ್ಲೆಲ್ಲ ಪೂರ್ತಿ ದೂರವೇ.

ಎರಡನ್ನೂ ಮನೆಯಲ್ಲೇ ಅಳೆಯಬಹುದು. ಆವೃತ್ತಿಗೆ ಫೋನಿನ ಸ್ಲೋ ಮೋಷನ್ ಸಾಕು. ಪ್ಲೇಟಿನ ಅಂಚಿಗೆ ಕಪ್ಪು ಚುಕ್ಕೆ ಅಂಟಿಸಿ, ಫೋನನ್ನು ಬೇರೆ ಸ್ಟೂಲಿನ ಮೇಲೆ ಅಲುಗದಂತೆ ಇಟ್ಟು, ಸೆಕೆಂಡಿಗೆ 240 ಚೌಕಟ್ಟಿನಲ್ಲಿ ಚಿತ್ರಿಸಿ. ಚುಕ್ಕೆ 10 ಸಲ ಏರಿಳಿಯಲು ಎಷ್ಟು ಚೌಕಟ್ಟು ಹಿಡಿಯಿತು ಎಂದು ಎಣಿಸಿ, 2400ನ್ನು ಆ ಸಂಖ್ಯೆಯಿಂದ ಭಾಗಿಸಿ. 80 ಚೌಕಟ್ಟಾದರೆ 30 ಹರ್ಟ್ಸ್, 96 ಆದರೆ 25.

ಏರಿಳಿತಕ್ಕೆ ಬೆಣೆಯ ಚಿತ್ರ. ಬಿಳಿ ಕಾಗದದ ಮೇಲೆ 100 ಮಿಮೀ ಉದ್ದದ ಅಡ್ಡಗೆರೆ ಎಳೆಯಿರಿ. ಬಲತುದಿಯಲ್ಲಿ 10 ಮಿಮೀ ಎತ್ತರದ ನಿಲುಗೆರೆ ಎಳೆದು ಅದರ ಮೇಲ್ತುದಿಯನ್ನು ಎಡತುದಿಗೆ ಕೂಡಿಸಿ. ಒಳಗೆಲ್ಲ ಕಪ್ಪು ತುಂಬಿ, ಅಡ್ಡಗೆರೆಯ ಕೆಳಗೆ ಚೂಪು ತುದಿಯಿಂದ ಶುರುಮಾಡಿ ಪ್ರತಿ 10 ಮಿಮೀಗೆ 1, 2, 3 ಎಂದು ಗುರುತು ಹಾಕಿ. ಪ್ಲೇಟಿನ ಪಕ್ಕದ ಅಂಚಿಗೆ ಅದನ್ನು ಮಟ್ಟಸವಾಗಿ ಅಂಟಿಸಿ ಯಂತ್ರ ಓಡಿಸಿದರೆ ಚೂಪು ತುದಿಯ ಕಡೆ ಮಸುಕಾಗಿ, ಒಂದು ಗುರುತಿನಿಂದಾಚೆಗೆ ಮಾತ್ರ ಗಟ್ಟಿ ಕಪ್ಪು ಉಳಿಯುತ್ತದೆ. ಗಟ್ಟಿ ಕಪ್ಪು ಎಲ್ಲಿ ಶುರುವೋ ಅದೇ ಮಿಮೀನಲ್ಲಿ ಏರಿಳಿತ. ಹಗಲು ಬೆಳಕಿನಲ್ಲಿ ನೋಡಿ. ಕೆಲವು ಎಲ್‌ಇಡಿ ದೀಪಗಳ ಮಿಣುಕು ಓದನ್ನು ಕೆಡಿಸುತ್ತದೆ. ತೂಗುವ ಪ್ಲೇಟಾದರೆ ಅಂಚಿನಲ್ಲಿ ಏರಿಳಿತ ದೊಡ್ಡದಿರುವುದರಿಂದ ಬೆಣೆಯನ್ನು 150 ಮಿಮೀ ಉದ್ದ, 15 ಮಿಮೀ ಎತ್ತರ ಮಾಡಿ ಎಡ ಅಥವಾ ಬಲ ಅಂಚಿಗೆ ಅಂಟಿಸಿ, ಪಾದದ ಜಾಗಕ್ಕೆ ಅನುಪಾತದಲ್ಲಿ ಇಳಿಸಿಕೊಳ್ಳಿ. 25 ಸೆಂಮೀ ದೂರದ ಅಂಚಿನಲ್ಲಿ 10 ಮಿಮೀ ಬಂದರೆ 10 ಸೆಂಮೀ ದೂರದ ಪಾದಕ್ಕೆ 4 ಮಿಮೀ.

ಎರಡು ಅಳತೆಯನ್ನೂ ಪ್ಲೇಟು ಖಾಲಿ ಇದ್ದಾಗ ಒಮ್ಮೆ, ಬಳಸುವವರು ಮೇಲೆ ಅರೆ ಬಸ್ಕಿಯಲ್ಲಿ ನಿಂತಾಗ ಒಮ್ಮೆ ತೆಗೆಯಿರಿ. ದುರ್ಬಲ ಮೋಟಾರು ಮೈಭಾರಕ್ಕೆ ಬಗ್ಗಿ ಆವೃತ್ತಿಯನ್ನೋ ಏರಿಳಿತವನ್ನೋ ಕಳೆದುಕೊಳ್ಳುತ್ತದೆ. ಸಂಜೆ ವೋಲ್ಟೇಜು ಇಳಿಯುವ ಊರಿನಲ್ಲಿ ಸಂಜೆಯೇ ಅಳೆಯಿರಿ. ಲೆಕ್ಕಕ್ಕೆ ಹಿಡಿಯಬೇಕಾದ್ದು ಜನ ನಿಂತಾಗ ಬಂದ ಅಂಕಿ. ಮುಂದೆ ಬಲ, ಹಿಂದೆ ಎಡ, ಹೀಗೆ ನಾಲ್ಕು ಮೂಲೆಯಲ್ಲೂ ನೋಡಿ. ಒಂದೇ ಬಗೆಯಲ್ಲಿ ಏರಿಳಿಯಬೇಕಾದ ಪ್ಲೇಟಿನಲ್ಲಿ ಮೂಲೆಯಿಂದ ಮೂಲೆಗೆ ಅರ್ಧ ಮಿಮೀಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅಡಿಯ ರಬ್ಬರ್ ಬುಷ್ ಸವೆದಿದೆ ಅಥವಾ ಬೋಲ್ಟು ಸಡಿಲಾಗಿದೆ.

ಇನ್ನು ಹೊರೆಯ ಲೆಕ್ಕ. ಪಾದಕ್ಕೆ ತಾಗುವ ಗರಿಷ್ಠ ವೇಗೋತ್ಕರ್ಷವನ್ನು ಭೂಮಿಯ ಗುರುತ್ವದ ಎಷ್ಟು ಪಟ್ಟು ಎಂದು ಹೇಳುವುದು ರೂಢಿ, ಅದಕ್ಕೆ ಜಿ ಎನ್ನುತ್ತಾರೆ. ಆವೃತ್ತಿಯನ್ನು ಅದರಿಂದಲೇ ಗುಣಿಸಿ, ಮಿಮೀ ಏರಿಳಿತದಿಂದ ಗುಣಿಸಿ, 500ರಿಂದ ಭಾಗಿಸಿದರೆ ಜಿ ಸಿಗುತ್ತದೆ. 25 ಹರ್ಟ್ಸ್, 2 ಮಿಮೀ: 2.5 ಜಿ. 30 ಹರ್ಟ್ಸ್, 2 ಮಿಮೀ: 3.6 ಜಿ. ಅದೇ 30 ಹರ್ಟ್ಸ್‌ನಲ್ಲಿ 4 ಮಿಮೀ ಮಾಡಿದರೆ ಒಮ್ಮೆಲೇ 7.2 ಜಿ. ಹೈ ಎಂಬ ಒಂದು ಗುಂಡಿ ಒತ್ತಿದ್ದಕ್ಕೆ ಹೊರೆ ಇಮ್ಮಡಿಯಾಯಿತು ಎಂದು ಒತ್ತಿದವರಿಗೆ ಗೊತ್ತೇ ಇರುವುದಿಲ್ಲ.

ಹತ್ತು ನಿಮಿಷದ ಗೆರೆ

ಟ್ರ್ಯಾಕ್ಟರ್, ಲಾರಿ, ಜೆಸಿಬಿ ಓಡಿಸುವವರ ಬೆನ್ನು ಕೆಡುವುದೂ ಕಂಪನದಿಂದಲೇ. ಕೂತ ಮನುಷ್ಯನ ಬೆನ್ನುಮೂಳೆ ಸುಮಾರು 4ರಿಂದ 6 ಹರ್ಟ್ಸ್‌ನಲ್ಲಿ ಅನುರಣಿಸುತ್ತದೆ, ಅಂದರೆ ಆ ಆವೃತ್ತಿಯ ಕಂಪನ ಅಲ್ಲಿ ಇನ್ನಷ್ಟು ಜೋರಾಗುತ್ತದೆ; ಕೆಟ್ಟ ರಸ್ತೆಯಲ್ಲಿ ಸೀಟು ಕುಣಿಯುವುದೂ ಆ ಆಸುಪಾಸಿನಲ್ಲೇ. ತಲೆ ಅನುರಣಿಸುವುದು 20ರಿಂದ 30 ಹರ್ಟ್ಸ್ ಸುತ್ತ, ಅಂದರೆ ಪ್ಲೇಟು ಓಡುವ ಆವೃತ್ತಿಯಲ್ಲೇ. ಕಾರ್ಮಿಕರ ರಕ್ಷಣೆಗೆ ಯೂರೋಪಿನ ಒಕ್ಕೂಟ 2002ರಲ್ಲಿ ತಂದ ನಿಯಮದಲ್ಲಿ, ಇಡೀ ಮೈಗೆ ತಾಗುವ ಕಂಪನ 8 ಗಂಟೆಯ ದಿನಕ್ಕೆ ಸರಾಸರಿ ಹಿಡಿದಾಗ 0.5 ಮೀ/ಸೆ² ದಾಟಿದರೆ ಕ್ರಮ ತೆಗೆದುಕೊಳ್ಳಬೇಕು, 1.15 ದಾಟಲೇಬಾರದು. 30 ಹರ್ಟ್ಸ್, 2 ಮಿಮೀ ಪ್ಲೇಟಿನ ಮೇಲೆ 10 ನಿಮಿಷ ನಿಂತರೆ ಪಾದದ ಬಳಿಯ ಲೆಕ್ಕ ಆ 1.15ನ್ನು ದಾಟಿಬಿಡುತ್ತದೆ. ಬಗ್ಗಿದ ಮಂಡಿ ಬಹುಪಾಲನ್ನು ತಡೆಯುತ್ತದೆ ಎಂಬ ಒಂದೇ ಕಾರಣಕ್ಕೆ ಇದನ್ನು ಸಹಿಸಬಹುದು. ಆದ್ದರಿಂದ ಎರಡು ಕಟ್ಟುನಿಟ್ಟು: ಒಂದು ದಿನದ ತರಬೇತಿಯಲ್ಲಿ ಕಂಪನದ ಒಟ್ಟು ಹೊತ್ತು 10 ನಿಮಿಷದೊಳಗೆ, ಮತ್ತು ಪ್ಲೇಟಿನ ಮೇಲೆ ಕೂರುವುದು, ಬೆನ್ನು ಒರಗಿಸಿ ಮಲಗುವುದು ಇಲ್ಲವೇ ಇಲ್ಲ.

ಯಾರು ಹತ್ತಬಾರದು

ಗರ್ಭಿಣಿಯರು, ಪೇಸ್‌ಮೇಕರ್ ಇರುವವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಮೂತ್ರಪಿಂಡ ಅಥವಾ ಪಿತ್ತಕೋಶದಲ್ಲಿ ಕಲ್ಲಿರುವವರು, ಮೂರ್ಛೆರೋಗದವರು, ಕಣ್ಣಿನ ರೆಟಿನಾ ತೊಂದರೆಯವರು, ಡಿಸ್ಕ್ ನೋವು ತೀವ್ರವಾಗಿರುವವರು, ಬೆನ್ನುಮೂಳೆ ಟೊಳ್ಳಾಗಿ ಮುರಿದವರು ಬೇಡ. ಹೊಸ ಮುರಿತ, ಹೊಸ ಆಪರೇಷನ್ ಗಾಯ ಮಾಗುವವರೆಗೆ ಬೇಡ. ಕಾಲಿನಲ್ಲಿ ರಾಡು, ಸ್ಕ್ರೂ, ಬದಲಿ ಕೀಲು ಇದ್ದರೆ ಅದನ್ನು ಹಾಕಿದ ವೈದ್ಯರ ಒಪ್ಪಿಗೆ ಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರ ವಿಷಯ ಹಲವರು ಮರೆಯುತ್ತಾರೆ: ಉಜ್ಜಿ ಗುಳ್ಳೆ ಎದ್ದರೂ ಅವರಿಗೆ ತಿಳಿಯುವುದಿಲ್ಲ. ಅವರು ವೈದ್ಯರನ್ನು ಕೇಳಿ ಶುರುಮಾಡಬೇಕು, ಪ್ರತಿ ಸಲ ಇಳಿದ ಮೇಲೆ ಅಂಗಾಲು ನೋಡಿಕೊಳ್ಳಬೇಕು.

ಇಡುವ ಜಾಗ

ನೆಲ ಮಟ್ಟವಾಗಿರಲಿ, ಗೋಡೆಯಿಂದ ಒಂದಡಿ ದೂರವಿರಲಿ. ನುಣುಪಾದ ಟೈಲ್ಸಿನ ಮೇಲೆ ಯಂತ್ರ ನಿಧಾನವಾಗಿ ಜರುಗುತ್ತದೆ, ಅಪಾರ್ಟ್‌ಮೆಂಟಿನಲ್ಲಿ ಕೆಳಮನೆಯ ಸೀಲಿಂಗಿಗೆ ಸದ್ದು ಇಳಿಯುತ್ತದೆ. ಎರಡಕ್ಕೂ ಜಿಮ್‌ಗಳಲ್ಲಿ ಹಾಸುವ 15ರಿಂದ 20 ಮಿಮೀ ದಪ್ಪದ ಗಟ್ಟಿ ರಬ್ಬರ್ ಸಾಕು. ಮೆತ್ತನೆಯ ಫೋಮ್ ಹಾಕಿದರೆ ಯಂತ್ರದ ಬುಡವೇ ಕುಣಿದು ಪ್ಲೇಟಿನ ಏರಿಳಿತ ಬದಲಾಗುತ್ತದೆ. ಏನು ಹಾಸಿದರೂ ಮತ್ತೆ ಬೆಣೆಯಿಂದ ಅಳೆಯಿರಿ. ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗಿಗೇ ಹಾಕಿ, ಮನೆಯ ಇನ್ವರ್ಟರಿನಿಂದ ಓಡಿಸಬೇಡಿ.

ಬರಿಗಾಲು ಅಥವಾ ತೆಳು ಕಾಲುಚೀಲ ಒಳ್ಳೆಯದು. ದಪ್ಪ ಅಟ್ಟೆಯ ಶೂ ಕಂಪನದ ಒಂದು ಪಾಲನ್ನು ತಾನೇ ನುಂಗುತ್ತದೆ. ಶೂ ಹಾಕಲೇಬೇಕಾದವರು ಪ್ರತಿ ಸಲ ಅದೇ ಜೋಡಿ ಹಾಕಲಿ, ಇಲ್ಲವಾದರೆ ಈ ವಾರದ ಹೊರೆಯನ್ನು ಕಳೆದ ವಾರದ್ದರ ಜೊತೆ ಹೋಲಿಸಲಾಗದು.

ಮೂಲ ಭಂಗಿ

ಯಂತ್ರ ನಿಂತಿರುವಾಗಲೇ ಹತ್ತಿ, ಭಂಗಿಗೆ ಬಂದು, ಆಮೇಲೆ ಗುಂಡಿ ಒತ್ತಿ. ಪಾದಗಳು ಭುಜದಗಲ, ಬೆರಳು ತುಸು ಹೊರಕ್ಕೆ. ಮಂಡಿಯನ್ನು ನೆಟ್ಟಗಿನಿಂದ ಕನಿಷ್ಠ 30 ಡಿಗ್ರಿ ಬಗ್ಗಿಸಿ; ಬಲದ ತರಬೇತಿಗೆ 40ರಿಂದ 60 ಡಿಗ್ರಿ ಸೂಕ್ತ. ಮಂಡಿ ಬೆರಳಿನ ದಿಕ್ಕಿಗೇ ನೋಡಲಿ, ಒಳಕ್ಕೆ ಕುಸಿಯದಿರಲಿ. ಭಾರವನ್ನು ಮುಂಗಾಲಿನ ಕಡೆಗೆ ತನ್ನಿ: ಹಿಮ್ಮಡಿ ಪ್ಲೇಟಿಗೆ ತಾಗಿಯೇ ಇರಬೇಕು, ಆದರೆ ಅದರ ಕೆಳಗೆ ಕಾಗದದ ಚೂರು ಜಾರುವಷ್ಟು ಹಗುರವಾಗಿ. ಹಿಮ್ಮಡಿಯೂರಿ ನಿಂತರೆ ಮೀನಖಂಡವನ್ನು ತಪ್ಪಿಸಿ ಕಂಪನ ನೇರ ಮೂಳೆಗೆ ಹತ್ತುತ್ತದೆ. ಹೊಟ್ಟೆ ಬಿಗಿ, ಬೆನ್ನು ನೇರ, ದವಡೆ ಸಡಿಲ, ಹಲ್ಲಿಗೆ ಹಲ್ಲು ತಾಗದಂತೆ. ಉಸಿರು ಕಟ್ಟಬೇಡಿ.

ವೇಗೋತ್ಕರ್ಷ 1 ಜಿ ದಾಟಿದೊಡನೆ ಪ್ಲೇಟು ಕೆಳಗಿಳಿಯುವ ವೇಗಕ್ಕೆ ಪಾದ ಜೊತೆಗೂಡಲಾರದೆ ಕ್ಷಣಮಾತ್ರ ಮೇಲೇಳಬಹುದು. ಮತ್ತೆ ಬೀಳುವಾಗ ಬಡಿತ. ಪಟಪಟ ಸದ್ದು ಕೇಳಿದರೆ ನಡೆಯುತ್ತಿರುವುದು ಅದೇ. ಇನ್ನಷ್ಟು ಬಗ್ಗಿ, ಪಾದದಿಂದ ಪ್ಲೇಟನ್ನು ಒತ್ತಿ ಹಿಡಿಯಿರಿ. ಆಗಲೂ ನಿಲ್ಲದಿದ್ದರೆ ಆವೃತ್ತಿ ಇಳಿಸಿ.

ತಲೆಗೆ ಏರುತ್ತಿದೆಯೇ ಎಂದು ನೋಡಲು ಆರಡಿ ದೂರದ ಗೋಡೆಯಲ್ಲಿ ಕ್ಯಾಲೆಂಡರ್ ತೂಗುಹಾಕಿ. ತಿಥಿ ನಕ್ಷತ್ರದ ಸಣ್ಣ ಅಕ್ಷರ ಅಲುಗದೆ ಓದಲು ಬರಬೇಕು. ಅಕ್ಷರ ಎರಡಾಗಿ ಕಂಡರೆ, ಕೆನ್ನೆ ಅದುರಿದರೆ, ಮೂಗು ತುರಿಸಿದರೆ ಮಂಡಿ ಇನ್ನೂ ಬಗ್ಗಬೇಕು ಅಥವಾ ಯಂತ್ರದ ಆವೃತ್ತಿ ಇಳಿಸಬೇಕು. ಪ್ರತಿ ಹೊಸ ಭಂಗಿಗೂ, ಪ್ರತಿ ಸಲ ಆವೃತ್ತಿ ಏರಿಸಿದಾಗಲೂ ಈ ಪರೀಕ್ಷೆ ಮಾಡಿ.

ವ್ಯಾಯಾಮಗಳು

ಅರೆ ಬಸ್ಕಿ ಹಿಡಿತ: ಮೇಲಿನ ಭಂಗಿಯಲ್ಲೇ ಅಲುಗದೆ ನಿಲ್ಲುವುದು. ಎಲ್ಲರೂ ಇಲ್ಲಿಂದಲೇ ಶುರುಮಾಡಬೇಕು.

ಚಲಿಸುವ ಬಸ್ಕಿ: 3 ಸೆಕೆಂಡಿನಲ್ಲಿ ಇಳಿದು 3 ಸೆಕೆಂಡಿನಲ್ಲಿ ಏರುವುದು. ಮೇಲೆ ಬಂದಾಗ ಮಂಡಿ ಪೂರ್ತಿ ನೆಟ್ಟಗಾಗುವ ಮೊದಲೇ ಮತ್ತೆ ಇಳಿಯಿರಿ. 45 ಸೆಕೆಂಡಿಗೆ 7 ಬಸ್ಕಿ ಸಾಕು. ಗರಡಿಯಲ್ಲಿ ಹೊಡೆಯುವ ವೇಗ ಇಲ್ಲಿ ಬೇಡ. ಬೇಗ ಮಾಡಿದರೆ ಪ್ರತಿ ಸಲವೂ ಮೇಲ್ತುದಿಯಲ್ಲಿ ಮಂಡಿ ನೆಟ್ಟಗಾಗಿ ತಲೆಗೆ ಏಟು ಹೋಗುತ್ತದೆ.

ಅಗಲಗಾಲಿನ ಬಸ್ಕಿ ಒಳತೊಡೆಗೆ. ತೂಗುವ ಪ್ಲೇಟಿನಲ್ಲಿ ಕಾಲಗಲಿಸಿದರೆ ಏರಿಳಿತವೂ ಹೆಚ್ಚುವುದರಿಂದ ಆವೃತ್ತಿಯನ್ನು 3ರಿಂದ 4 ಹರ್ಟ್ಸ್ ಇಳಿಸಿಕೊಂಡು, ಜಿ ಲೆಕ್ಕ ಮತ್ತೆ ಹಾಕಿ. ಲಂಜ್‌ನಲ್ಲಿ ಮುಂದಿನ ಪಾದ ಪ್ಲೇಟಿನ ನಡುವೆ, ಹಿಂದಿನದು ನೆಲದಲ್ಲಿ. ಮೀನಖಂಡಕ್ಕೆ ಮಂಡಿ ತುಸು ಬಗ್ಗಿದಂತೆಯೇ ಇಟ್ಟು ಹಿಮ್ಮಡಿ ಎತ್ತಿ ಇಳಿಸುವುದು. ಪಿರ್ರೆ ಮತ್ತು ಹಿಂತೊಡೆಗೆ ನೆಲದ ಮೇಲೆ ಅಂಗಾತ ಮಲಗಿ, ಪಾದ ಪ್ಲೇಟಿನ ಮೇಲಿಟ್ಟು, ಸೊಂಟ ಎತ್ತಿ ಹಿಡಿಯುವುದು; ಭುಜ, ತಲೆ ಚಾಪೆಯ ಮೇಲಿರುತ್ತವೆ. ಒಂಟಿಕಾಲಿನ ಬಸ್ಕಿ ಕೊನೆಯ ತಿಂಗಳಿಗೆ, ಹಿಡಿಕೆಯಿರುವ ಯಂತ್ರದಲ್ಲಿ ಮಾತ್ರ.

ಮೈಯ ಮೇಲ್ಭಾಗಕ್ಕೆ ಪ್ಲೇಟು ಅಷ್ಟು ಹೊಂದುವುದಿಲ್ಲ. ಅಂಗೈ ಊರಿ ದಂಡದ ಭಂಗಿಯಲ್ಲಿ ಮೊಣಕೈ ಬಗ್ಗಿಸಿ 20 ಸೆಕೆಂಡು ಹಿಡಿಯಬಹುದು, 2 ಸಲ, ಅಂಗೈ ಕೆಳಗೆ ತೆಳು ಪ್ಯಾಡ್ ಇಟ್ಟು. ಕೈಯಿಂದ ತಲೆಗೆ ದೂರ ಕಡಿಮೆ, ತಡೆಯುವ ಸ್ನಾಯುವೂ ಕಡಿಮೆ. ಬೆರಳು ಜುಮ್ಮೆಂದರೆ ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಿ.

ಹನ್ನೆರಡು ವಾರ

ವಾರಕ್ಕೆ 3 ದಿನ, ನಡುವೆ ಒಂದೊಂದು ದಿನ ಬಿಡುವು. ಮೊದಲು 5 ನಿಮಿಷ ಬಿರುಸು ನಡಿಗೆ. ಕೆಳಗಿನ ಅಂಕಿಗಳಲ್ಲಿ ಮೊದಲನೆಯದು ಒಟ್ಟಿಗೆ ಏರಿಳಿಯುವ ಪ್ಲೇಟಿಗೆ, ಎರಡನೆಯದು ತೂಗುವ ಪ್ಲೇಟಿಗೆ. ಏರಿಳಿತ ಕ್ರಮವಾಗಿ 2 ಮತ್ತು 4 ಮಿಮೀ ಎಂದು ಹಿಡಿದಿದೆ. ನಿಮ್ಮದು ಬೇರೆಯಾದರೆ ಹರ್ಟ್ಸ್ ಬಿಟ್ಟು ಜಿ ಹೊಂದಿಸಿಕೊಳ್ಳಿ, ಆದರೆ ಒಟ್ಟಿಗೆ ಏರಿಳಿಯುವ ಪ್ಲೇಟನ್ನು 20 ಹರ್ಟ್ಸ್‌ಗಿಂತ ಕೆಳಗೆ ಓಡಿಸಬೇಡಿ.

- 1, 2ನೇ ವಾರ: 25 ಅಥವಾ 18 ಹರ್ಟ್ಸ್, ಸುಮಾರು 2.5 ಜಿ. ಅರೆ ಬಸ್ಕಿ ಹಿಡಿತ 30 ಸೆಕೆಂಡು, 5 ಸಲ, ನಡುವೆ 60 ಸೆಕೆಂಡು ಇಳಿದು ನಿಲ್ಲುವುದು.
- 3, 4ನೇ ವಾರ: 30 ಅಥವಾ 21 ಹರ್ಟ್ಸ್, ಸುಮಾರು 3.5 ಜಿ. ಹಿಡಿತ 2, ಚಲಿಸುವ ಬಸ್ಕಿ 2, ಮೀನಖಂಡ 2. ಒಂದೊಂದು 40 ಸೆಕೆಂಡು, ಬಿಡುವು 60.
- 5ರಿಂದ 8ನೇ ವಾರ: 35 ಅಥವಾ 24 ಹರ್ಟ್ಸ್, 5 ಜಿ ಒಳಗೆ. ಬಸ್ಕಿ 3, ಲಂಜ್ ಕಾಲಿಗೊಂದರಂತೆ 2, ಅಗಲಗಾಲು 1, ಮೀನಖಂಡ 1, ಸೊಂಟ ಎತ್ತುವುದು 1. ಒಂದೊಂದು 45 ಸೆಕೆಂಡು. 6ನೇ ವಾರದಿಂದ ಬೆನ್ನಿಗೆ 5 ಕಿಲೋ ಬ್ಯಾಗು.
- 9ರಿಂದ 12ನೇ ವಾರ: ಯಂತ್ರ ಅಷ್ಟರಲ್ಲೇ ಇರಲಿ. ಒಂದೊಂದು 50 ಸೆಕೆಂಡು, 8 ಸಲ, ಬಿಡುವು 45. ಬ್ಯಾಗಿನ ಭಾರ ವಾರಕ್ಕೆ 2 ಕಿಲೋ ಏರಿಸಿ, ಆಗುವವರು ಒಂಟಿಕಾಲಿಗೆ ಹೋಗಿ.

5 ಜಿ ಮುಟ್ಟಿದ ಮೇಲೆ ಪ್ಲೇಟನ್ನಲ್ಲ, ಭಾರವನ್ನು ಏರಿಸಬೇಕು. 2003ರಲ್ಲಿ ಶುರುವಾದ ಬರ್ಲಿನ್ ಅಧ್ಯಯನದಲ್ಲಿ, ಬಾಹ್ಯಾಕಾಶ ಯಾನದ ಪರಿಣಾಮ ತಿಳಿಯಲು ಯುವಕರು 8 ವಾರ ಹಾಸಿಗೆ ಬಿಟ್ಟೇಳದೆ ಮಲಗಿದ್ದರು. ಸ್ನಾಯು, ಮೂಳೆ ಕರಗದಂತೆ ಅವರಲ್ಲಿ ಕೆಲವರಿಗೆ ಕೊಟ್ಟದ್ದು ಬರೀ ಕಂಪನವಲ್ಲ. ಸೊಂಟ, ಹೆಗಲಿಗೆ ಪಟ್ಟಿ ಬಿಗಿದು ಬಲವಾಗಿ ಎಳೆಯುವ ಹೊರೆಯ ಜೊತೆಗಿನ ಕಂಪನ. ಪ್ರತಿ ಸರದಿಯ ಕೊನೆಯ ಹತ್ತು ಸೆಕೆಂಡು ತೊಡೆ ಉರಿಯಬೇಕು. ಪಕ್ಕದವರ ಜೊತೆ ಆರಾಮಾಗಿ ಮಾತಾಡುತ್ತ ನಿಲ್ಲಲು ಬಂದರೆ ಹೊರೆ ಸಾಲದು.

ಹಿರಿಯರಿಗೆ ಬೇರೆ ಕ್ರಮ. ತೂಗುವ ಪ್ಲೇಟು, ಕೈಗೆ ಸಿಗುವ ಹಿಡಿಕೆ, 12ರಿಂದ 18 ಹರ್ಟ್ಸ್, ಪಾದ ಅಚ್ಚಿಗೆ ಹತ್ತಿರ, 30 ಸೆಕೆಂಡಿನ 3 ಸರದಿ. ಆರು ವಾರದಲ್ಲಿ ನಿಧಾನಕ್ಕೆ 60 ಸೆಕೆಂಡಿನ 4ಕ್ಕೆ ತನ್ನಿ. ಬೆರಳು ಹಿಡಿಕೆಯ ಮೇಲೆ ಹಗುರವಾಗಿರಲಿ. ಜೋತುಬಿದ್ದರೆ ಕಾಲಿನ ಹೊರೆ ಕೈಗೆ ಹೋಗುತ್ತದೆ. ಇಳಿಯುವಾಗ ಅರೆ ನಿಮಿಷ ಹಿಡಿದುಕೊಂಡೇ ನಿಲ್ಲಲಿ, ಅಂಗಾಲು ಜೋಮು ಬಿಡುವ ಮೊದಲು ಹೆಜ್ಜೆ ಹಾಕಿ ಬೀಳುವುದುಂಟು. ಮೊದಲ ತಿಂಗಳು ಪಕ್ಕದಲ್ಲಿ ಒಬ್ಬರು ಇರಲೇಬೇಕು.

ವಾಲಿಬಾಲ್, ಕಬಡ್ಡಿ ಆಡುವವರು ಆಟಕ್ಕೆ ಮೊದಲು ಮೈ ಬೆಚ್ಚಗಾಗಿಸಲು ಬಳಸುವುದಾದರೆ 26ರಿಂದ 30 ಹರ್ಟ್ಸ್‌ನಲ್ಲಿ 45 ಸೆಕೆಂಡಿನ 2 ಸರದಿ ಸಾಕು. ನೆಗೆತಕ್ಕೆ ಸಿಗುವ ಲಾಭ ಕೆಲವೇ ನಿಮಿಷ ಉಳಿಯುತ್ತದೆ. ಸುಸ್ತಾಗುವವರೆಗೆ ನಿಂತರೆ ನೆಗೆತ ಕುಗ್ಗುತ್ತದೆ.

ಕೆಡುವುದು ಮತ್ತು ಕಾರಣ

ಮೊದಲ ದಿನಗಳಲ್ಲಿ ತೊಡೆ, ಮೀನಖಂಡ ಕೆಂಪಾಗಿ ವಿಪರೀತ ತುರಿಸುವುದು ಸಾಮಾನ್ಯ, ಚರ್ಮಕ್ಕೆ ರಕ್ತದ ಹರಿವು ಏರುವುದರಿಂದ. ಕೆಲವು ಸರದಿಗಳಲ್ಲಿ ತಾನೇ ಹೋಗುತ್ತದೆ. ಗಂದೆಯಂತೆ ಎದ್ದು ಗಂಟೆಗಟ್ಟಲೆ ಉಳಿದರೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ತಲೆನೋವು, ವಾಕರಿಕೆ ಬಂದರೆ ಕಂಪನ ತಲೆಗೆ ಏರಿದೆ: ಮಂಡಿ ಸಾಕಷ್ಟು ಬಗ್ಗಿಲ್ಲ, ಇಲ್ಲವೆ ಕೊನೆಯ ಸೆಕೆಂಡುಗಳಲ್ಲಿ ಸುಸ್ತಾಗಿ ಅರಿವಿಲ್ಲದೆ ನೆಟ್ಟಗಾಗಿದ್ದೀರಿ. ಎರಡನೆಯದೇ ಹೆಚ್ಚು. 45 ಸೆಕೆಂಡನ್ನು 30ಕ್ಕೆ ಇಳಿಸಿ ಸರದಿ ಹೆಚ್ಚಿಸಿ. ಮಂಡಿಚಿಪ್ಪಿನ ಹಿಂದೆ ನೋವಾದರೆ ಬಹಳ ಆಳಕ್ಕೆ ಇಳಿಯುತ್ತಿದ್ದೀರಿ ಅಥವಾ ಮಂಡಿ ಒಳಕ್ಕೆ ಕುಸಿಯುತ್ತಿದೆ. 40 ಡಿಗ್ರಿಗೆ ಬನ್ನಿ, ಮೊಬೈಲಿನಲ್ಲಿ ಮುಂದಿನಿಂದ ಚಿತ್ರಿಸಿ ನೋಡಿ. ಕೆಳಬೆನ್ನು ಹಿಡಿದರೆ ಹೊಟ್ಟೆ ಸಡಿಲಬಿಟ್ಟು ಸೊಂಟ ಹಿಂದಕ್ಕೆ ಬಾಗಿಸಿದ್ದೀರಿ. ಪಾದ, ಬೆರಳು ಮರುದಿನವೂ ಜೋಮು ಬಿಡದಿದ್ದರೆ ಒಂದು ವಾರ ಪ್ಲೇಟು ಬಿಡಿ.

ಯಂತ್ರದಲ್ಲಿ ಹೊಸದಾಗಿ ಲೊಟಲೊಟ ಸದ್ದು ಬಂದರೆ ಬೇರಿಂಗು ಇಲ್ಲವೆ ಅಡಿಯ ಬೋಲ್ಟು ನೋಡಿಸಿ. ಆ ಬಡಿತ ನೇರ ಕೀಲಿಗೆ ಬರುತ್ತದೆ. ತಿಂಗಳಿಗೊಮ್ಮೆ ಬೆಣೆ ಅಂಟಿಸಿ ಅಳೆಯುವ ರೂಢಿಯಿದ್ದರೆ ಸದ್ದಿಗೆ ಮೊದಲೇ ಅಂಕಿ ಹೇಳುತ್ತದೆ.

ತೂಕ ಇಳಿಯಲಿಲ್ಲ ಎನ್ನುವವರಿಗೆ: ಪ್ಲೇಟಿನ ಮೇಲಿನ ಬಸ್ಕಿಗೆ ಕಂಪನದಿಂದ ಹೆಚ್ಚಾಗಿ ಖರ್ಚಾಗುವ ಶಕ್ತಿ ಸಾಧಾರಣ ವೇಗದ ನಡಿಗೆಯಷ್ಟು, ಅದೂ ಐದಾರು ನಿಮಿಷ. ಹತ್ತು ನಿಮಿಷ ಒಂದು ಗಂಟೆಯ ಜಿಮ್‌ಗೆ ಸಮ ಎಂಬ ಜಾಹೀರಾತನ್ನು ನಂಬಿ ನಡಿಗೆ ಬಿಡಬೇಡಿ.

ಬಲ ಏರಿತೇ ಎಂದು ತಿಳಿಯಲು ಶುರುಮಾಡುವ ಮೊದಲು, 4, 8, 12ನೇ ವಾರದ ಕೊನೆಗೆ, ಬಿಡುವಿನ ದಿನ, ನೆಲದ ಮೇಲೆ ಪರೀಕ್ಷಿಸಿ. ಕೈಯಿಲ್ಲದ ಕುರ್ಚಿ, ಎದೆಗೆ ಅಡ್ಡ ಕೈಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಲಾಗುತ್ತದೆ ಎಂಬ ಎಣಿಕೆ ಹಿರಿಯರಿಗೆ. ಕಿರಿಯರಿಗೆ ಸುಣ್ಣ ಹಚ್ಚಿದ ಬೆರಳಿಂದ ಗೋಡೆ ಮುಟ್ಟುವ ನಿಂತ ನೆಗೆತ, ಮೂರರಲ್ಲಿ ಒಳ್ಳೆಯದು. 8ನೇ ವಾರಕ್ಕೂ ಎಣಿಕೆ ಅಲುಗದಿದ್ದರೆ ಮೊದಲು ಜನ ನಿಂತಾಗಿನ ಜಿ ಮತ್ತೆ ಅಳೆಯಿರಿ, ಅದು ಸರಿಯಿದ್ದರೆ ಬ್ಯಾಗಿನ ಭಾರ ಏರಿಸಿ. ಎರಡೂ ಮಾಡಿಯೂ 12ನೇ ವಾರಕ್ಕೆ ಬದಲಾವಣೆ ಇಲ್ಲವೆಂದರೆ ನಿಮ್ಮ ಕಾಲು ಈ ಹೊರೆಯನ್ನು ಮೀರಿದೆ. ಪ್ಲೇಟು ಬಿಟ್ಟು ಬಾರ್‌ಬೆಲ್ಲಿಗೆ ಹೋಗಿ.